ಅಡ್ಡಹೆಸರಿಗೆ ನಗುವ ಮುನ್ನ

ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗರು ಬೆಂಗಳೂರಿನ ಕಾಲೇಜು ಸೇರಿದ ಹೊಸತರಲ್ಲಿ ಹಾಜರಿಯ ಹೊತ್ತಿಗೆ ಮುದುಡಿ ಕೂರುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಎಣ್ಣಿ ಎಂದು ಮೇಷ್ಟ್ರು ಕೂಗಿದ್ದೇ ತಡ, ಹಿಂದಿನ ಬೆಂಚಿನಿಂದ ನಗು. ‘ಏನ್ ಗುರು, ನಿಮ್ದು ಕಿರಾಣಿ ಅಂಗಡೀನಾ?’ ಕೋರ್ಸು ಮುಗಿಯುವುದರೊಳಗೆ ಹುಡುಗ ಅಡ್ಡಹೆಸರನ್ನು ಒಂದಕ್ಷರಕ್ಕೆ ಇಳಿಸಿ ಬಸವರಾಜ್ ಎಂ. ಆಗಿಬಿಟ್ಟಿರುತ್ತಾನೆ. ನಕ್ಕವರು ಮರೆಯುತ್ತಾರೆ. ಅವನು ಕಳೆದುಕೊಂಡದ್ದು ನನಗೆ ನೋವು ತರುತ್ತದೆ.

ಹಳೇ ಮೈಸೂರು ಸೀಮೆಯಲ್ಲಿ ಊರೂ ಅಪ್ಪನ ಹೆಸರೂ ಇನಿಶಿಯಲ್ಲಾಗಿ ಮುಂದೆ ಕೂರುತ್ತವೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು ಪೂರ್ತಿ ಬರೆಯುವುದು ರೂಢಿ. ಹಿರಿಯರು ಬೆಲ್ಲದ ವ್ಯಾಪಾರ ಮಾಡಿದ್ದರೆ ಮನೆತನ ಬೆಲ್ಲದ, ಓಣಿಯ ಮೂಲೆಯಲ್ಲಿದ್ದರೆ ಮೂಲಿಮನಿ. ವಲಸೆ ಬಂದವರಿಗೆ ಬಿಟ್ಟುಬಂದ ಊರೇ ಹೆಸರು.

ಊಟದ ವಿಷಯದಲ್ಲೂ ಇಂಥದೇ ಅವಸರದ ತೀರ್ಮಾನ. ಉತ್ತರ ಕರ್ನಾಟಕದವರೆಂದರೆ ಖಾರ, ಮಾತೂ ಖಾರ! ಆದರೆ ಅಲ್ಲಿನ ಹೆಸರಾಂತ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬಂದದ್ದು ಬಣ್ಣದಿಂದ. ಗುಂಟೂರಿನದಕ್ಕೆ ಹೋಲಿಸಿದರೆ ಅದರ ಖಾರ ಬಹಳ ಕಡಿಮೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಕಾಯಿಯಿಂದ ತೆಗೆದ ಕೆಂಪು ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯ ಪಕ್ಕದಲ್ಲಿ ಗಟ್ಟಿ ಮೊಸರು ಇದ್ದೇ ಇರುತ್ತದೆ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಇವೆಲ್ಲ ಅದೇ ಸೀಮೆಯವರ ನಾಲಿಗೆ ಮೆಚ್ಚಿದ ಸಿಹಿಗಳೇ.

ಅಡ್ಡಹೆಸರಿಗೆ ಕಹಿ ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ‘ನಿಮ್ಮ ಅಡ್ಡಹೆಸರು ಏನ್ರೀ?’ ಎಂದು ಬಸ್ಸಿನಲ್ಲಿ ಪಕ್ಕದವರು ಕೇಳುವಾಗ ಎಷ್ಟೋ ಸಲ ಹುಡುಕುತ್ತಿರುವುದು ಜಾತಿಯನ್ನು. ಕಂಬಾರ, ಮಾದರ, ತಳವಾರ ಎಂದರೆ ಅವರಿಗೆ ಉತ್ತರ ಸಿಕ್ಕಿತು. ಪಾಟೀಲ ಎಂದರೆ ತೊಡಕು: ಲಿಂಗಾಯತರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿ ಎಲ್ಲರಲ್ಲೂ ಪಾಟೀಲರುಂಟು. ಈ ತೊಡಕು ನನಗೆ ಬಲು ಇಷ್ಟ.

ಹೆಸರು, ದನಿ, ಹುಟ್ಟು ಮೂರರ ಬಗೆಗೂ ಜನರ ಪೂರ್ವಗ್ರಹವನ್ನು ಎದುರಿಸಿ ಬಾಳಿದವರು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಗಾಂಧಾರಿ. ಹಾನಗಲ್ ಪೂರ್ವಿಕರ ಊರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗದಿರಲೆಂದು ಆಕೆ ತಮ್ಮ ಹಾಡನ್ನೇ ಬಿಟ್ಟರು. ಮಗಳು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಬೀದಿಯಲ್ಲಿ ‘ಗಾನೇವಾಲಿ’ ಎಂಬ ಮೂದಲಿಕೆ ಕೇಳಬೇಕಾಯಿತು. ಗಂಟಲಿನ ಚಿಕಿತ್ಸೆಯ ನಂತರ ದನಿ ತಗ್ಗಿ ಗಡುಸಾಯಿತು. ಹೆಣ್ಣಿನ ದನಿ ಇಂಪಾಗಿ, ತೆಳುವಾಗಿ ಇರಬೇಕೆಂದು ಬಯಸುವ ಕಿವಿಗಳೆದುರು ಅವರು ಆ ದನಿಯನ್ನೇ ನೆಚ್ಚಿ ಖ್ಯಾಲ್ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು.

ಬಾಳಸಂಗಾತಿ ವಕೀಲ ಗುರುರಾವ ಕೌಲಗಿ. ಆದರೂ ಗಂಗೂಬಾಯಿ ಹಾನಗಲ್ ಆಗಿಯೇ ಉಳಿದರು. ಅವರ ಜೊತೆ ಕಛೇರಿಗಳಲ್ಲಿ ದನಿಗೂಡಿಸಿದ ಮಗಳು ಕೃಷ್ಣಾ ಕೂಡ ಕೃಷ್ಣಾ ಹಾನಗಲ್ ಎಂದೇ ಹೆಸರಾದರು.