ದುಡ್ಡು ಬಂದಿತ್ತು, ಕೈಗೆ ಸಿಗಲಿಲ್ಲ: ಕೊಬ್ಬರಿ ರೈತನೊಬ್ಬ ಬ್ಯಾಂಕು ಆರಿಸಿದ ಕತೆ

ನಾನು ತುರುವೇಕೆರೆ ತಾಲೂಕಿನ ಎರಡು ಎಕರೆ ತೆಂಗಿನ ರೈತ. ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು, ಸುಲಿಸಿ, ಕರಟ ಬಿಡಿಸಿ, ಉಂಡೆ ಕೊಬ್ಬರಿ ಮಾಡಿ ತಿಪಟೂರಿಗೆ ಹಾಕುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಆಗ ಮಂಡಿಯವರು ನೋಟು ಎಣಿಸಿ ಕೊಡುತ್ತಿದ್ದರು. ಪಂಚೆ ಗಂಟಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆವು. ಈಗ ದುಡ್ಡು ಬಂತು ಅಂತ ಮೊಬೈಲು ಹೇಳುತ್ತದೆ. ಬಂದದ್ದೆಲ್ಲ ಸಿಕ್ಕಿತು ಅಂತ ತಿಳಿದಿದ್ದೆ. ಹಾಗಲ್ಲ ಅಂತ ಗೊತ್ತಾದದ್ದು 2024ರಲ್ಲಿ.

ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂ. ಇತ್ತು. ಅದರ ಮೇಲೆ ರಾಜ್ಯ ಸರ್ಕಾರದ್ದು 1,500 ರೂ. ಪೇಟೆ ದರ ಬಹಳ ಕೆಳಗಿತ್ತು. ನಾಫೆಡ್ ಕೇಂದ್ರಕ್ಕೆ 9 ಕ್ವಿಂಟಲ್ ಹಾಕಿದೆ. ಕೆಲವು ವಾರ ಕಳೆದು 1,08,000 ರೂ. ಜಮಾ ಆಯಿತೆಂದು ಸಂದೇಶ ಬಂತು. ಸಹಕಾರ ಸಂಘದ ಬಡ್ಡಿ ಇಲ್ಲದ ಬೆಳೆಸಾಲದ ವಾಯಿದೆಗೆ ಇನ್ನು ಎಂಟು ದಿನ ಇತ್ತು. ನಿರಾಳವಾಗಿ ಬ್ಯಾಂಕಿಗೆ ಹೋದೆ.

"ನಿಮ್ಮ ಖಾತೆ ಲಾಕ್ ಆಗಿದೆ. ಕೆ.ವೈ.ಸಿ. ಮಾಡಿಸಿಲ್ಲ" ಅಂದರು. ಆಧಾರ್, ಫೋಟೋ ಎಲ್ಲ ಕೊಟ್ಟೆ. "ಆಯ್ತು, ನಾಳೆ ಬನ್ನಿ." ನಾಳೆ ಹೋದರೆ ಸರ್ವರ್ ಇಲ್ಲ. ನಾಡಿದ್ದು ಹೋದರೆ ಆ ಸಾಹೇಬರು ರಜಾ. ಸಹಾಯವಾಣಿಗೆ ಫೋನ್ ಮಾಡಿದರೆ "ಒಂದು ಒತ್ತಿ, ಎರಡು ಒತ್ತಿ" ಅಂತ ಹೇಳಿ ಹಿಂದಿಯಲ್ಲಿ ಮಾತಾಡಿ ಇಟ್ಟುಬಿಟ್ಟರು. ಐದು ಸಲ ಅಲೆದೆ. ಹನ್ನೆರಡನೇ ದಿನ ಖಾತೆ ತೆರೆಯಿತು.

ಅಷ್ಟರಲ್ಲಿ ಸಂಘದ ವಾಯಿದೆ ಮುಗಿಯುತ್ತಿತ್ತು. ವಾಯಿದೆ ದಾಟಿದರೆ ಬಡ್ಡಿ ಮನ್ನಾ ಇಲ್ಲ. ಹಿಂದಿನ ದಿನ ಮಂಡಿಯವರ ಹತ್ತಿರ ಕೈಯೊಡ್ಡಿದೆ. ಅವರು ಕೊಟ್ಟರು, "ಮುಂದಿನ ಸಲದ ಕೊಬ್ಬರಿ ನಮ್ಮಲ್ಲೇ ಹಾಕ್ಬೇಕು ಕಣಣ್ಣ" ಅಂದರು. ಖಾತೆಯಲ್ಲಿ ಲಕ್ಷ ರೂಪಾಯಿ ಇಟ್ಟುಕೊಂಡು ಸಾಲ ಮಾಡಿದ ರೈತ ನಾನು! ಕರಟ ಬಿಡಿಸಿದ ಹೆಂಗಸರ ಕೂಲಿಯೂ ಹನ್ನೆರಡು ದಿನ ನಿಂತಿತು. ಅದೇ ನನಗೆ ಹೆಚ್ಚು ನಾಚಿಕೆ ಆದದ್ದು.

ಹೆಸರು ನೋಡಿ ಆರಿಸಬೇಡಿ

ನಮ್ಮ ಕಡೆ ಬ್ಯಾಂಕು ಅಂದರೆ ಹೆಸರು. ಆದರೆ ಹೆಸರು ನಿಲ್ಲುವುದಿಲ್ಲ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾಕ್ಕೆ ಸೇರಿದವು. ನಮ್ಮ ಜಿಲ್ಲೆಯ ಕಲ್ಪತರು ಗ್ರಾಮೀಣ ಬ್ಯಾಂಕು ಕಾವೇರಿಯೊಳಗೆ ಸೇರಿ, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕು. ಹೀಗೆ ಸೇರಿದಾಗ ಐ.ಎಫ್.ಎಸ್.ಸಿ. ಸಂಖ್ಯೆಯೂ ಬದಲಾಗುತ್ತದೆ. ಹಳೆ ಪಾಸ್‌ಬುಕ್ಕಿನ ನಕಲು ಮಂಡಿಗೆ ಕೊಟ್ಟವರು ಇವತ್ತೇ ಹೊಸದು ಕೊಡಿ.

ಅದಕ್ಕೆ ನಾನು ಹೆಸರು ಬಿಟ್ಟು ಕೆಲಸ ನೋಡಲು ಹೊರಟೆ. ಬೀಜದ ಕಾಯಿಗೆ ತಾಯಿಮರ ಆರಿಸುವಾಗ ಒಂದು ಗೊನೆ ನೋಡಿ ಒಪ್ಪುತ್ತೇವೆಯೇ? ನಾಲ್ಕು ಬೇಸಿಗೆ ಹೇಗೆ ತಡೆದಿದೆ ಅಂತ ನೋಡುತ್ತೇವೆ. ಬ್ಯಾಂಕಿನ ಬೇಸಿಗೆ ಅಂದರೆ ದುಡ್ಡು ಸಿಕ್ಕಿಹಾಕಿಕೊಂಡ ದಿನ. ಸರಿಯಾಗಿ ನಡೆಯುವಾಗ ಎಲ್ಲ ಬ್ಯಾಂಕೂ ಒಳ್ಳೆಯದೇ.

ನಾನು ಮಾಡಿದ ಪರೀಕ್ಷೆ

ತಿಪಟೂರು, ತುರುವೇಕೆರೆಯಲ್ಲಿ ಮೂರು ಶಾಖೆ ಸುತ್ತಿದೆ. ಎರಡರಲ್ಲಿ ಸಣ್ಣ ಖಾತೆ ತೆರೆದು ಮೂರು ತಿಂಗಳು ನೋಡಿದೆ. ನೋಡಿದ್ದು ಇಷ್ಟು:

1. ಭಾನುವಾರ ರಾತ್ರಿ ನೂರು ರೂಪಾಯಿ ನೆಫ್ಟ್ ಕಳಿಸಿದೆ. 2019ರ ಡಿಸೆಂಬರ್‌ನಿಂದ ನೆಫ್ಟ್, 2020ರ ಡಿಸೆಂಬರ್‌ನಿಂದ ಆರ್.ಟಿ.ಜಿ.ಎಸ್. ಹಗಲೂ ರಾತ್ರಿ, ರಜಾದಿನವೂ ನಡೆಯಬೇಕು. ಉಳಿತಾಯ ಖಾತೆಯಿಂದ ಆನ್‌ಲೈನಿನಲ್ಲಿ ಕಳಿಸುವ ನೆಫ್ಟಿಗೆ ಶುಲ್ಕ ಇಲ್ಲ. ಆರ್.ಟಿ.ಜಿ.ಎಸ್. ಎರಡು ಲಕ್ಷದ ಮೇಲಿನ ಮೊತ್ತಕ್ಕೆ.

2. ಸಹಾಯವಾಣಿಗೆ ಮೂರು ಬೇರೆ ಹೊತ್ತಿನಲ್ಲಿ ಫೋನ್ ಮಾಡಿದೆ. ಕನ್ನಡದಲ್ಲಿ ಮನುಷ್ಯರು ಸಿಗಲು ಎಷ್ಟು ನಿಮಿಷ ಅಂತ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಒಂದರಲ್ಲಿ ನಾಲ್ಕು ನಿಮಿಷ, ಇನ್ನೊಂದರಲ್ಲಿ ಸಿಗಲೇ ಇಲ್ಲ.

3. ಶಾಖೆಗೆ ಒಂದು ಅರ್ಜಿ ಎರಡು ಪ್ರತಿಯಲ್ಲಿ ಕೊಟ್ಟೆ. ಒಂದಕ್ಕೆ ಸೀಲು, ಸಹಿ ಹಾಕಿ ವಾಪಸ್ ಕೊಡುತ್ತಾರಾ? ಸೀಲು ಹಾಕಲು ಹಿಂದೆ ಮುಂದೆ ನೋಡುವ ಶಾಖೆ ಕಷ್ಟ ಬಂದಾಗ ಒದಗುವುದಿಲ್ಲ.

4. ಶುಲ್ಕದ ಪಟ್ಟಿ ಕೇಳಿದೆ. ಕನಿಷ್ಠ ಬಾಕಿ ಎಷ್ಟು, ಎಸ್.ಎಂ.ಎಸ್.ಗೆ ಎಷ್ಟು, ಎ.ಟಿ.ಎಂ. ಕಾರ್ಡಿಗೆ ಎಷ್ಟು. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗೆ ಕನಿಷ್ಠ ಬಾಕಿಯ ದಂಡ ತೆಗೆದವು. ಎಲ್ಲ ಕಡೆ ಹಾಗಿಲ್ಲ, ಕೇಳಿಯೇ ತಿಳಿಯಬೇಕು.

5. ಇಂಟರ್ನೆಟ್ ಸಿಗದ ತೋಟದಲ್ಲಿ ನಿಂತು ನೋಡಿದೆ. ಸಾದಾ ಮೊಬೈಲಿಗೂ 2022ರಿಂದ ಯು.ಪಿ.ಐ. 123ಪೇ ಇದೆ. ನಿಮ್ಮ ಬ್ಯಾಂಕು ಇದಕ್ಕೆ ಸೇರಿದೆಯೇ ಅಂತ ಮೊದಲೇ ಕೇಳಿ.

ಕಾನೂನು ನಮ್ಮ ಕಡೆ ಇದೆ

ಹನ್ನೆರಡು ದಿನ ಅಲೆದಾಗ ಇದು ಯಾವುದೂ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡೆ.

ಯು.ಪಿ.ಐ.ನಲ್ಲಿ ನಮ್ಮ ಖಾತೆಯಿಂದ ಹೋಗಿ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕು. ಇದು 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮ.

ಕೆ.ವೈ.ಸಿ. ಮತ್ತೆ ಮಾಡಿಸುವಾಗ ವಿಳಾಸ, ವಿವರ ಬದಲಾಗದಿದ್ದರೆ ನಮ್ಮದೇ ಒಂದು ಘೋಷಣೆ ಸಾಕು. ಗಡುವಿಗೆ ಮೊದಲು ಬ್ಯಾಂಕು ಮೂರು ಸಲ ತಿಳಿಸಬೇಕು, ಒಂದಾದರೂ ಕಾಗದದಲ್ಲಿ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಹೀಗೆ ಹೇಳಿದೆ. ಮೂರು ಸಲ ತಿಳಿಸುವ ನಿಯಮ ನನ್ನ ಕಾಲಕ್ಕೆ ಇರಲಿಲ್ಲ, ನಿಮಗಿದೆ. ಸುಗ್ಗಿಗೆ ಮೊದಲೇ ಹೋಗಿ "ನನ್ನ ಕೆ.ವೈ.ಸಿ. ಯಾವತ್ತಿನವರೆಗೆ ಇದೆ?" ಅಂತ ಕೇಳಿ ಬನ್ನಿ.

ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಖರ್ಚಿಲ್ಲ, ವಕೀಲರು ಬೇಡ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಹೇಳುತ್ತಾರೆ. ಸೀಲು ಹಾಕಿದ ಪ್ರತಿ ಬೇಕಾಗುವುದು ಇಲ್ಲಿಯೇ.

ಎರಡು ಖಾತೆ, ಎರಡು ಕೆಲಸ

ಈಗ ನನಗೆ ಎರಡು ಖಾತೆ ಇವೆ. ಪಿ.ಎಂ. ಕಿಸಾನ್, ಬೆಂಬಲ ಬೆಲೆ, ಮಂಡಿ ದುಡ್ಡು ಒಂದಕ್ಕೆ. ಆಧಾರ್ ಜೋಡಣೆ, ಫ್ರೂಟ್ಸ್ ಐ.ಡಿ. ಎರಡೂ ಅದಕ್ಕೇ. ಅದನ್ನು ಮೊಬೈಲ್ ಯು.ಪಿ.ಐ.ಗೆ ಜೋಡಿಸಿಲ್ಲ. ಇನ್ನೊಂದರಲ್ಲಿ ಐದು ಹತ್ತು ಸಾವಿರ ಇಟ್ಟು ಕೂಲಿ, ಗೊಬ್ಬರ, ಅಂಗಡಿ ಲೆಕ್ಕ ಅದರಿಂದ. 2025ರಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿದ ಮೇಲೆ ನಮ್ಮ ಖಾತೆಗಳೂ ಕಳ್ಳರ ಕಣ್ಣಿಗೆ ಬಿದ್ದಿವೆ. ಯಾರು ಕೇಳಿದರೂ ಓ.ಟಿ.ಪಿ. ಹೇಳಬೇಡಿ. ಹೇಳಿ ಕಳಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಮೋಸ ಆಯಿತು ಅಂತ ಗೊತ್ತಾದ ಗಳಿಗೆಯಲ್ಲೇ 1930ಕ್ಕೂ ಬ್ಯಾಂಕಿಗೂ ಫೋನ್ ಮಾಡಿ.

ಕಳೆದ ಸಲ ಕೂಲಿಯ ಹೆಂಗಸೊಬ್ಬರಿಗೆ ಕಳಿಸಿದ 2,000 ರೂ. ನಡುವೆ ನಿಂತಿತು. ಹೊಸ ಶಾಖೆಗೆ ಫೋನ್ ಮಾಡಿದೆ. ಗುಮಾಸ್ತೆ ವಹಿವಾಟಿನ ಸಂಖ್ಯೆ ಬರೆದುಕೊಂಡು, "ನಾಳೆ ಸಂಜೆಯೊಳಗೆ ಬರದಿದ್ರೆ ನನಗೇ ಮಾಡಿ" ಅಂದರು. ಮಾರನೇ ದಿನ ಮಧ್ಯಾಹ್ನ ದುಡ್ಡು ವಾಪಸ್ ಬಂತು, ಆಯಮ್ಮನಿಗೆ ಮತ್ತೆ ಕಳಿಸಿದೆ.

ಆ ಬ್ಯಾಂಕಿನ ಹೆಸರು ಹೇಳಿ ಅಂತ ಊರಲ್ಲಿ ಕೇಳುತ್ತಾರೆ. ಹೇಳುವುದಿಲ್ಲ. ತಿಪಟೂರಿನಲ್ಲಿ ಚೆನ್ನಾಗಿರುವ ಬ್ಯಾಂಕು ಚಿಕ್ಕನಾಯಕನಹಳ್ಳಿಯಲ್ಲಿ ಹಾಗೇ ಇರಬೇಕೆಂದಿಲ್ಲ, ಸಾಹೇಬರು ವರ್ಗವಾದರೆ ಇಲ್ಲೂ ಬದಲಾದೀತು. ನಿಮ್ಮ ಶಾಖೆಯನ್ನು ನೀವೇ ಪರೀಕ್ಷೆ ಮಾಡಿ. ಕೊಬ್ಬರಿ ಇನ್ನೂ ಅಟ್ಟದಲ್ಲಿರುವಾಗಲೇ ಮಾಡಿ. ನೂರು ರೂಪಾಯಿಯಲ್ಲಿ ಮುಗಿಯುವ ಪರೀಕ್ಷೆ ಇದು.