ಶಾಂಘೈನ ಸಿಹಾಂಗ್ ಗೋದಾಮು: ಗೋಡೆ ಉಳಿಸಿಕೊಂಡ ಯುದ್ಧ

ಶಾಂಘೈ ನಗರದ ಸುಝೌ ಹೊಳೆಯ ಉತ್ತರ ದಂಡೆಯಲ್ಲಿ ಸಿಹಾಂಗ್ ಎಂಬ ಕಾಂಕ್ರೀಟಿನ ದೊಡ್ಡ ಗೋದಾಮಿದೆ. ನಾಲ್ಕು ಬ್ಯಾಂಕುಗಳಿಗೆ ಸೇರಿದ್ದ ಈ ಕಟ್ಟಡ 2015ರಿಂದ ಯುದ್ಧ ಸ್ಮಾರಕ. ದುರಸ್ತಿಯ ಹೊತ್ತಿನಲ್ಲಿ ಅದರ ಪಶ್ಚಿಮದ ಗೋಡೆಯಲ್ಲಿ ಮುಚ್ಚಿಹೋಗಿದ್ದ ಶೆಲ್ ತೂತುಗಳನ್ನು ಹುಡುಕಿ ಮತ್ತೆ ತೆರೆದಿಟ್ಟಿದ್ದಾರೆ.

1937ರ ಅಕ್ಟೋಬರ್ 26ರ ರಾತ್ರಿಯಿಂದ ತಿಂಗಳ ಕೊನೆಯವರೆಗೆ ಚೀನಾದ 88ನೇ ಡಿವಿಷನ್ನಿನ ಒಂದು ಬೆಟಾಲಿಯನ್ ಇಲ್ಲಿ ನಿಂತು ಜಪಾನೀಯರನ್ನು ತಡೆಯಿತು. ಎಂಟುನೂರು ವೀರರೆಂದು ಹೆಸರಾದರೂ ಇದ್ದವರು ನಾನೂರು ಚಿಲ್ಲರೆ ಮಂದಿ. ಹೊಳೆಯ ಆಚೆ ದಂಡೆಯಲ್ಲೇ ವಿದೇಶಿಯರ ವಸತಿ ಪ್ರದೇಶ. ಗುರಿ ತಪ್ಪಿದ ಶೆಲ್ಲೋ ಬಾಂಬೋ ಅಲ್ಲಿ ಬಿದ್ದರೆ ಗತಿಯೇನೆಂಬ ಅಂಜಿಕೆಯಿಂದ ಜಪಾನ್ ಇಲ್ಲಿ ಹಡಗಿನ ಫಿರಂಗಿಗಳನ್ನಾಗಲಿ ಬಾಂಬರ್ ವಿಮಾನಗಳನ್ನಾಗಲಿ ಬಳಸಲಿಲ್ಲ. ಎರಡೂ ಕಡೆಯ ಕಾಲಾಳುಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಇಷ್ಟು ಒಳ್ಳೆಯ ಜಾಗ ಆ ಚೀನಾ-ಜಪಾನ್ ಯುದ್ಧದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ.

ಲಘು ಮೆಷಿನ್ ಗನ್ನನ್ನೇ ನೋಡಿ. ಜಪಾನಿನ ಟೈಪ್ 11ರ ಎಡಮಗ್ಗುಲಿಗೆ ಪುಟ್ಟ ಪೆಟ್ಟಿಗೆಯೊಂದಿತ್ತು. ರೈಫಲ್ಲಿನ ಐದೈದು ಗುಂಡುಗಳ ಕ್ಲಿಪ್ಪುಗಳನ್ನು ಅದರಲ್ಲಿ ಆರರವರೆಗೆ ಪೇರಿಸಬಹುದಿತ್ತು. ಪಕ್ಕದ ಸೈನಿಕನ ಚೀಲದ ಗುಂಡೇ ಇದಕ್ಕೂ ಆದೀತೆಂಬುದು ಲೆಕ್ಕಾಚಾರ. ಆದರೆ ಗುಂಡು ಸರಾಗವಾಗಿ ಸರಿಯಲು ಎಣ್ಣೆ ಬೇಕಿತ್ತು. ಎಣ್ಣೆಗೆ ಧೂಳು ಮೆತ್ತಿದರೆ ಗನ್ ಕಚ್ಚಿಕೊಂಡು ನಿಲ್ಲುತ್ತಿತ್ತು. ಚೀನೀಯರ ಕೈಲಿದ್ದ ಜೆಕ್ ಮೂಲದ ಝಡ್‌ಬಿ-26ಕ್ಕೆ ಈ ರಗಳೆಯಿಲ್ಲ. 20 ಗುಂಡಿನ ಮ್ಯಾಗಜಿನ್ ಮೇಲಿನಿಂದ ಸಿಕ್ಕಿಸಿದರೆ ಆಯಿತು. ವಶಪಡಿಸಿಕೊಂಡ ಈ ಗನ್ನುಗಳನ್ನು ಜಪಾನೀಯರೇ ಬಳಸಿದರು. ಆದರೆ ಜಪಾನಿಗೆ ಮೇಲುಗೈ ಕೊಟ್ಟದ್ದು ಟೈಪ್ 89 ಗ್ರೆನೇಡ್ ಲಾಂಚರ್: ಸುಮಾರು ಐದು ಕಿಲೋ ತೂಕ, ಒಬ್ಬನೇ ಹೊರಬಲ್ಲ. ಚೀನೀ ಸೈನಿಕನ ಹಿಡಿಕೆಯ ಗ್ರೆನೇಡು ಅವನ ತೋಳು ಎಸೆದಷ್ಟೇ ದೂರ.

ನಾಯಕತ್ವದ ಕಥೆಯೇ ಬೇರೆ. ಬ್ರಸೆಲ್ಸ್‌ನಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ಸಮ್ಮೇಳನದ ಗಮನ ಸೆಳೆಯಲೆಂದು ಚೀನಾದ ನಾಯಕ ಚಿಯಾಂಗ್ ಕೈ-ಶೇಕ್ ಇಡೀ 88ನೇ ಡಿವಿಷನ್ನನ್ನೇ ಶಾಂಘೈಯಲ್ಲಿ ಉಳಿಸಬಯಸಿದ್ದರು. ಅಷ್ಟು ಜನ ವ್ಯರ್ಥವಾಗಿ ಸಾಯುತ್ತಾರೆಂದು ಡಿವಿಷನ್ನಿನ ದಂಡನಾಯಕ ಸುನ್ ಯುವಾನ್‌ಲಿಯಾಂಗ್ ವಾದಿಸಿದ್ದರಿಂದ ಉಳಿದದ್ದು ಒಂದೇ ಬೆಟಾಲಿಯನ್. ಅದರ ಹೊಣೆ ಹೊತ್ತವರು ವಾಂಪೋವಾ ಸೈನಿಕ ಅಕಾಡೆಮಿಯಲ್ಲಿ ಕಲಿತ ಷಿಯೆ ಜಿನ್‌ಯುವಾನ್. ಜರ್ಮನ್ ಸಲಹೆಗಾರರು ಪಳಗಿಸಿದ್ದ ಡಿವಿಷನ್ ಹೌದು, ಆದರೆ ಆ ಹಳಬರಲ್ಲಿ ಬಹಳಷ್ಟು ಮಂದಿ ಶಾಂಘೈ ಕಾಳಗದಲ್ಲಿ ಅಷ್ಟರಲ್ಲೇ ಸತ್ತಿದ್ದರು. ಜಾಗ ತುಂಬಿದವರಲ್ಲಿ ಅನೇಕರು ಹುಬೈ ಪ್ರಾಂತ್ಯದ ಕಾವಲು ಪಡೆಯಿಂದ ಬಂದವರು. ಇಂಥವರನ್ನು ಕಟ್ಟಿಕೊಂಡು ಷಿಯೆ ಗೋದಾಮು ಬಿಟ್ಟುಕೊಡದೆ ನಿಂತದ್ದೇ ನನಗೆ ಬಂದೂಕಿಗಿಂತ ದೊಡ್ಡದಾಗಿ ಕಾಣುತ್ತದೆ. ಜಪಾನಿನ ಪದಾತಿಯಲ್ಲಿ ಅಧಿಕಾರಿ ಬಿದ್ದರೂ ತರಬೇತಾದ ಹವಾಲ್ದಾರ ಮುಂದಾಳಾಗುತ್ತಿದ್ದ. ಚೀನೀ ಸೇನೆಯಲ್ಲಿ ಅಂಥವರು ಕಡಿಮೆ. ಇದ್ದವರನ್ನೂ ಶಾಂಘೈ ನುಂಗಿತು.

ಕೊನೆಗೆ ಮೇಲಿನವರ ಆಜ್ಞೆಯಂತೆ ಬೆಟಾಲಿಯನ್ ಸೇತುವೆ ದಾಟಿ ವಿದೇಶಿ ವಸತಿಗೆ ಹೋಯಿತು. ಅಲ್ಲಿ ಆಯುಧ ಕಿತ್ತುಕೊಂಡು ಅವರನ್ನು ಶಿಬಿರದಲ್ಲಿ ಕೂಡಿಹಾಕಲಾಯಿತು. 1941ರ ಏಪ್ರಿಲ್‌ನಲ್ಲಿ ಅದೇ ಶಿಬಿರದಲ್ಲಿ ಷಿಯೆ ತಮ್ಮದೇ ಕೆಲವು ಸೈನಿಕರ ಕೈಯಿಂದ ಕೊಲೆಯಾದರು.