ಬಿಳಿ ಅಕ್ಕಿ ಪಳ್ಳಿಯ ಬಸಿಲಿಕ

ಸೊಲ್ಲಾಪುರದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ, ಅಕ್ಕಲಕೋಟೆ ಸೀಮೆಯ ವಾಗದರಿ ಊರಿನವರು ಬೆಂಗಳೂರಿನ ಕಂಟೋನ್ಮೆಂಟ್ ನಿಲ್ದಾಣದಲ್ಲಿ ಇಳಿದರೆ ಶಿವಾಜಿನಗರ ದೂರವೇನಲ್ಲ. ರಸೆಲ್ ಮಾರ್ಕೆಟಿನ ಹೂ, ಹಣ್ಣು, ಮಾಂಸದ ಗದ್ದಲದ ಮಗ್ಗುಲಲ್ಲೇ ಸಂತ ಮೇರಿ ಬಸಿಲಿಕದ ಎತ್ತರದ ಗೋಪುರ ಕಾಣುತ್ತದೆ.

ಶಿವಾಜಿನಗರ ಪೇಟೆಯ ಹಳೆಯ ಹೆಸರು ಬ್ಲ್ಯಾಕ್‌ಪಳ್ಳಿ. ‘ಕಪ್ಪು ಜನರ ಊರೆಂದು ಇಂಗ್ಲಿಷರು ಇಟ್ಟಿರಬೇಕು’ ಎಂದು ಬಹಳ ಜನ ಊಹಿಸುತ್ತಾರೆ. ಸ್ಥಳದವರು ಹೇಳುವುದೇ ಬೇರೆ: ಇಲ್ಲಿ ಬಿಳಿ ಅಕ್ಕಿ ಬೆಳೆಯುತ್ತಿದ್ದರು, ಅದಕ್ಕೇ ‘ಬಿಳಿ ಅಕ್ಕಿ ಪಳ್ಳಿ’. ದಂಡಿನ, ಅಂದರೆ ಇಂಗ್ಲಿಷರ ಸೈನ್ಯದ ನೆಲೆಯ (ಕಂಟೋನ್ಮೆಂಟಿನ), ನಕ್ಷೆ ಹಾಕಿದ ಬ್ಲ್ಯಾಕಿಸ್ಟನ್ ಎಂಬ ಅಧಿಕಾರಿಯ ಹೆಸರನ್ನು ತರುವವರೂ ಇದ್ದಾರೆ. ಕನ್ನಡದ ಕಿವಿಗೆ ಬಿಳಿ ಅಕ್ಕಿಯ ಕಥೆಯೇ ರುಚಿ. ಹಳಗನ್ನಡದ ‘ಪಾಲು’ ಹಾಲಾದಂತೆ ‘ಪಳ್ಳಿ’ ಹಳ್ಳಿಯಾಯಿತು. ತಮಿಳು ಮಾತಾಡುವವರ ಬಾಯಲ್ಲಿ ಪಕಾರ ಉಳಿಯಿತು. ಬಿಳಿ ಹೋಗಿ ಬ್ಲ್ಯಾಕ್ ಆದದ್ದು ನಿಜವಾದರೆ, ಹೆಸರುಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಮಾಷೆ ನನಗೆ ಸಿಕ್ಕಿಲ್ಲ.

ಚರ್ಚನ್ನು ಇಂಗ್ಲಿಷರು ಕಟ್ಟಿಸಿದರು ಎಂಬುದೂ ತಪ್ಪೇ. ದಂಡು ನೆಲೆಸಿದ್ದು 1809ರಲ್ಲಿ. ಅದಕ್ಕೆ ಮೊದಲೇ ತಮಿಳುನಾಡಿನ ಸೆಂಜಿ ಕಡೆಯಿಂದ ಬಂದ ತಮಿಳು ಕ್ರೈಸ್ತರು ಇಲ್ಲಿ ಹುಲ್ಲು ಹೊದಿಸಿದ ಗುಡಿಯಲ್ಲಿ ‘ಕಾಣಿಕೆ ಮಾತೆ’ಯಾದ ಮರಿಯಮ್ಮನಿಗೆ, ಅಂದರೆ ಸಂತ ಮೇರಿಗೆ, ನಡೆದುಕೊಳ್ಳುತ್ತಿದ್ದರಂತೆ. ಟಿಪ್ಪುವಿನ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ದ್ಯುಬ್ವಾ ಇವರ ಯೋಗಕ್ಷೇಮ ನೋಡಿಕೊಂಡರು. ಈಗ ಕಾಣುವ, ಚೂಪು ಕಮಾನುಗಳ ಗೋಥಿಕ್ ಕಟ್ಟಡ ಎದ್ದದ್ದು 1875ರಿಂದ 1882ರೊಳಗೆ, ಕ್ಲೈನರ್ ಎಂಬ ಪಾದ್ರಿಯ ಕಾಲದಲ್ಲಿ. 1882ರ ಸೆಪ್ಟೆಂಬರ್ 8ರಂದು, ಮರಿಯಮ್ಮನ ಹುಟ್ಟುಹಬ್ಬದ ದಿನವೇ ಪ್ರತಿಷ್ಠೆ ಆಯಿತು.

ಇನ್ನು ‘ಬಸಿಲಿಕ’. ಎಷ್ಟು ಸಲ ವಿವರಿಸಿದರೂ ‘ಅಂದರೆ ದೊಡ್ಡ ಚರ್ಚು, ಅಲ್ಲವೇ ಸರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ. ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಷಪ್ಪರ ಪೀಠವಿರುವ ಚರ್ಚು ಕೆಥೆಡ್ರಲ್. ನಮ್ಮ ಕಡೆಯ ಮಾತಿನಲ್ಲಿ, ಗುರುಗಳ ಗದ್ದುಗೆ ಇರುವ ಮಠ. ಬಸಿಲಿಕ ಎಂಬುದು ಪೋಪರು ಕೊಡುವ ಬಿರುದು. ಆ ಜಾಗದ ಹಳಮೆ, ಅಲ್ಲಿ ಸೇರುವ ಭಕ್ತರು, ನಡೆಯುವ ಪೂಜೆ ಇವುಗಳನ್ನು ನೋಡಿ ಕೊಡುತ್ತಾರೆ. ಸೊಲ್ಲಾಪುರದ ಸಿದ್ಧೇಶ್ವರನ ಗುಡಿಗೆ ಸಂಕ್ರಾಂತಿಯಲ್ಲಿ ಜನ ಹರಿದುಬರುವುದು ಅಲ್ಲಿ ಯಾವುದೋ ಪೀಠವಿದೆಯೆಂದಲ್ಲವಷ್ಟೆ, ಹಾಗೆ. ಬೆಂಗಳೂರಿನ ಆರ್ಚ್‌ಬಿಷಪ್ಪರ ಕೆಥೆಡ್ರಲ್ ಬೇರೆಯೇ ಇದೆ, ಕೋಲ್ಸ್ ಪಾರ್ಕಿನ ಹತ್ತಿರದ ಸಂತ ಫ್ರಾನ್ಸಿಸ್ ಝೇವಿಯರರದು. ರೋಮಿನಲ್ಲೂ ಇದೇ ಕಥೆ: ಜಗತ್ತೇ ನೋಡುವ ಸಂತ ಪೇತ್ರರ ಬಸಿಲಿಕ ಪೋಪರ ಕೆಥೆಡ್ರಲ್ ಅಲ್ಲ, ಆ ಮಾನ ಲ್ಯಾಟರನ್ನಿನ ಸಂತ ಯೋಹಾನರ ಚರ್ಚಿನದು! ‘ಮಹಾ’ ಬಸಿಲಿಕಗಳು ನಾಲ್ಕೇ, ನಾಲ್ಕೂ ರೋಮಿನಲ್ಲಿವೆ, ಉಳಿದವೆಲ್ಲ ‘ಕಿರಿಯ’ವು. ಶಿವಾಜಿನಗರದ್ದು 1974ರಲ್ಲಿ ಆ ಸಾಲಿಗೆ ಸೇರಿತು. ಕಾರ್ಕಳದ ಅತ್ತೂರಿನ ಚರ್ಚಿಗೆ ಈ ಬಿರುದು ಬಂದದ್ದು 2016ರಲ್ಲಿ.

ಬಿರುದಿಗಿಂತ ದೊಡ್ಡದು ಶಿವಾಜಿನಗರದ ಬಸಿಲಿಕದ ರೂಢಿ. ಮಾತೆಯ ಮೂರ್ತಿಗೆ ಸೀರೆ ಉಡಿಸುತ್ತಾರೆ. ಆಗಸ್ಟ್ 29ಕ್ಕೆ ಬಾವುಟ ಏರಿದರೆ ಸೆಪ್ಟೆಂಬರ್ 8ಕ್ಕೆ ತೇರು. ಅಂದು ಮೇಣದಬತ್ತಿ ಹಿಡಿದವರ ಜಾತಿ ಮತ ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ನೋಡಿ ಊರಿಗೆ ಮರಳಿದ ಮೇಲೆ ಸೊಲ್ಲಾಪುರದಲ್ಲಿ ಬಸಿಲಿಕ ಹುಡುಕಬೇಡಿ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೂರಿದ್ದು ಅಮೆರಿಕನ್ ಮರಾಠಿ ಮಿಶನ್. ಅವರು ಪ್ರೊಟೆಸ್ಟಂಟರು, ಪೋಪರ ಬಿರುದು ಅವರಿಗೆ ಬೇಕಿಲ್ಲ. ಆದರೆ ಹಳೆಯ ಚರ್ಚುಗಳಲ್ಲಿ ಜ್ಞಾನಸ್ನಾನದ, ಮದುವೆಯ ವಹಿಗಳಿರುತ್ತವೆ, ಸ್ಮಶಾನದಲ್ಲಿ ಗೋರಿಕಲ್ಲುಗಳಿರುತ್ತವೆ. ಒಂದು ಪೇಟೆಗೆ ಯಾರು ಯಾವ ಊರಿಂದ, ಯಾವ ಕಸುಬು ಹಿಡಿದು ಬಂದರು ಎಂಬುದು ಅವುಗಳಲ್ಲಿ ಸಿಗುತ್ತದೆ. ಮರಾಠಿ, ಕನ್ನಡ ಎರಡನ್ನೂ ಸಲೀಸಾಗಿ ಓದಬಲ್ಲ ಅಕ್ಕಲಕೋಟೆ ಸೀಮೆಯ ಹುಡುಗ ಹುಡುಗಿಯರಿಗೆ ಈ ವಹಿ, ಕಲ್ಲುಗಳನ್ನು ಓದುವ ಕೆಲಸ ಉಳಿದವರಿಗಿಂತ ಸುಲಭ. ಒಂದು ರವಿವಾರ ಪಾದ್ರಿಗಳ ಅಪ್ಪಣೆ ಕೇಳಿ, ವಹಿ ತೆರೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಶುರುಮಾಡಿ.